ಹೀಲಾ ನದಿಯ ಪಿಮಾ ಜನರಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬಂತು?

ಚಾಂಡ್ಲರ್‌ವಾಸಿ

ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ ಚಿಪ್ ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ, ನಮ್ಮದೂ ಅವುಗಳಲ್ಲೊಂದು. ನಮ್ಮ ಬಡಾವಣೆಯಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮನೆಗಳ ಸಾಲು ಮುಗಿದು ಹೀಲಾ ರಿವರ್ ಮೀಸಲು ಪ್ರದೇಶ ಆರಂಭವಾಗುತ್ತದೆ. ತಮ್ಮನ್ನು ಅಕಿಮೆಲ್ ಓಓಧಮ್, ಅಂದರೆ ನದಿಯ ಜನ, ಎಂದು ಕರೆದುಕೊಳ್ಳುವ ಪಿಮಾ ಸಮುದಾಯದವರ ನೆಲೆ ಅದು. ಲೋಕದ ವೈದ್ಯಕೀಯ ಪಠ್ಯಗಳಲ್ಲಿ ಈ ಜನರ ಹೆಸರು ಬಂದಿರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎರಡನೇ ಬಗೆಯ ಮಧುಮೇಹ ಅತಿ ಹೆಚ್ಚಾಗಿ ಕಂಡುಬಂದ ಜನಸಮುದಾಯಗಳಲ್ಲಿ ಇವರದೂ ಒಂದು.

ನನ್ನನ್ನು ಕಾಡುವುದು ಆ ಕಾಯಿಲೆ ಬಂದ ವೇಗ. 1908ರಲ್ಲಿ ಪ್ರಕಟವಾದ ಮಾನವಶಾಸ್ತ್ರಜ್ಞ ಅಲೆಶ್ ಹರ್ಡ್ಲಿಚ್ಕಾ ಅವರ ವರದಿಯಲ್ಲಿ ಪಿಮಾ ಜನರಲ್ಲಿ ಮಧುಮೇಹದ ಒಂದೇ ಒಂದು ಪ್ರಕರಣ ದಾಖಲಾಗಿದೆ. 1937ರಲ್ಲಿ ಪ್ರಸಿದ್ಧ ಮಧುಮೇಹ ತಜ್ಞ ಎಲಿಯಟ್ ಜಾಸ್ಲಿನ್ ಇಲ್ಲಿಗೆ ಬಂದು ನೋಡಿದಾಗ ಸಿಕ್ಕವು 21 ಪ್ರಕರಣಗಳು. ಉಳಿದ ಅಮೆರಿಕನ್ನರಿಗಿಂತ ಇವರಲ್ಲಿ ಕಾಯಿಲೆ ಹೆಚ್ಚೇನೂ ಇಲ್ಲವೆಂದೇ ಅವರು ಭಾವಿಸಿದರು. 1963ರಲ್ಲಿ ಕೀಲುವಾತದ ಸಮೀಕ್ಷೆಗೆಂದು ಬಂದ ಸರ್ಕಾರಿ ಸಂಶೋಧಕರಿಗೆ ಕೀಲುವಾತಕ್ಕಿಂತ ಸಕ್ಕರೆ ಕಾಯಿಲೆಯೇ ಎದ್ದು ಕಂಡಿತು. 1971ರ ಹೊತ್ತಿಗೆ 35 ದಾಟಿದ ಪಿಮಾ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಇದೆಯೆಂದು ಪೀಟರ್ ಬೆನೆಟ್ ಮತ್ತು ಸಂಗಡಿಗರು ಪ್ರಕಟಿಸಿದರು.

ಮೂರು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಆದರೂ ಇಲ್ಲಿನ ಭಾರತೀಯರ ಕೂಟಗಳಲ್ಲಿ ಈ ವಿಷಯ ಬಂದಾಗಲೆಲ್ಲ "ಅದು ಅವರ ರಕ್ತದಲ್ಲೇ ಇದೆ" ಎಂಬ ಮಾತು ಕೇಳುತ್ತೇನೆ. ಗಡಿಯಾಚೆ, ಮೆಕ್ಸಿಕೋದ ಸೊನೋರಾ ರಾಜ್ಯದ ಬೆಟ್ಟಗಳಲ್ಲಿರುವ ಮಾಯ್ಕೋಬಾ ಎಂಬ ಊರಿನಲ್ಲಿ ಇದೇ ಮೂಲದ ಪಿಮಾ ಜನ ಬೇಸಾಯ ಮತ್ತು ಮರದ ಕೆಲಸ ಮಾಡಿಕೊಂಡು ಬದುಕಿದ್ದಾರೆ. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದ ಪಿಮಾ ಜನರಲ್ಲಿ ಮಧುಮೇಹ ಶೇ. 38ರಷ್ಟಿದ್ದರೆ ಮಾಯ್ಕೋಬಾದಲ್ಲಿ ಶೇ. 6.9ರಷ್ಟಿತ್ತು. ರಕ್ತವೇ ಕಾರಣವಾಗಿದ್ದರೆ ಇಷ್ಟು ಅಂತರ ಹೇಗೆ ಸಾಧ್ಯ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.


ಮಲಪ್ರಭಾ ದಂಡೆಯವ

ತಾವು ಕೊಟ್ಟ ಅಂಕಿಗಳೇ ಉತ್ತರವನ್ನೂ ಹೇಳುತ್ತಿವೆ. ಮಾಯ್ಕೋಬಾದವರು ಮೈಬಗ್ಗಿಸಿ ದುಡಿಯುತ್ತಾರೆ, ಅರಿಜೋನಾದವರು ದುಡಿಯುವುದನ್ನು ಬಿಟ್ಟರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಕಡೆಯಲ್ಲೂ ಜೋಳದ ರೊಟ್ಟಿ, ಪುಂಡಿ ಪಲ್ಲೆ ತಿನ್ನುತ್ತಿದ್ದ ಮನೆಗಳಲ್ಲಿ ಈಗ ಬೆಳಿಗ್ಗೆ ಬಿಸ್ಕತ್ತು, ರಾತ್ರಿ ಬಿಳಿ ಅನ್ನ. ಯಾರೂ ನಮ್ಮ ಬಾಯಿಗೆ ತುರುಕಲಿಲ್ಲ, ನಾವೇ ಆರಿಸಿಕೊಂಡೆವು. ಪ್ರತಿಯೊಂದಕ್ಕೂ ಇತಿಹಾಸವನ್ನು ದೂರುತ್ತ ಕುಳಿತರೆ ರೋಗಿಯ ಹೊಣೆಗಾರಿಕೆ ಎಂಬುದೇ ಉಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಖಾರವೆನಿಸಿದರೆ ಕ್ಷಮೆಯಿರಲಿ.


ಚಾಂಡ್ಲರ್‌ವಾಸಿ

ಖಾರವೆನಿಸಲಿಲ್ಲ ಸರ್, ಇಲ್ಲಿ ಬಹುತೇಕರ ಮಾತೂ ಇದೇ. ಆದರೆ ಪಿಮಾ ಜನ ದುಡಿಯುವುದನ್ನು ತಾವಾಗಿ ಬಿಟ್ಟರು ಎಂಬುದಕ್ಕೆ ಇತಿಹಾಸದ ಆಧಾರವಿಲ್ಲ. ಇವರು ನೀರಾವರಿ ಬೇಸಾಯಗಾರರು. ಫೀನಿಕ್ಸ್ ನಗರದ ಕೆಲವು ಕಾಲುವೆಗಳು ಹಾದುಹೋಗಿರುವುದು ಈ ಪ್ರಾಂತ್ಯದ ಪ್ರಾಚೀನ ಜನ ಅಗೆದ ಕಾಲುವೆಗಳ ಜಾಡಿನಲ್ಲೇ. 1849ರ ಚಿನ್ನದ ಹುಚ್ಚಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಸಾವಿರಾರು ಜನ ಈ ಮರುಭೂಮಿಯನ್ನು ದಾಟುವಾಗ ಅವರ ಹಸಿವು ನೀಗಿಸಿದ್ದು ಪಿಮಾ ರೈತರ ಗೋಧಿ ಮತ್ತು ಮೆಕ್ಕೆಜೋಳ. ಆ ಬಳಿಕ ಅಮೆರಿಕದ ಸೈನ್ಯಕ್ಕೂ ಅವರು ಲಕ್ಷಾಂತರ ಪೌಂಡ್ ಗೋಧಿ ಮಾರಿದ್ದಾರೆ. ಸೋಮಾರಿಗಳು ಮಾಡುವ ಕೆಲಸವಲ್ಲ ಅದು.

1859ರಲ್ಲಿ ಮೀಸಲು ಪ್ರದೇಶ ಘೋಷಣೆಯಾಯಿತು. ಭೂಮಿ ಕೊಟ್ಟರು, ನೀರಿನ ಹಕ್ಕನ್ನು ಕಾಯಲಿಲ್ಲ. 1860ರ ದಶಕದ ಕೊನೆಯಿಂದ ಮೇಲ್ಭಾಗದಲ್ಲಿ ನೆಲೆಸಿದ ಬಿಳಿಯ ರೈತರು ಹೀಲಾ ನದಿಯ ನೀರನ್ನು ತಿರುಗಿಸಿಕೊಳ್ಳತೊಡಗಿದರು. 1880ರ ದಶಕದಲ್ಲಿ ಫ್ಲಾರೆನ್ಸ್ ಕಾಲುವೆ ಬಂದ ಮೇಲೆ ಕೆಳಗಿನ ಹೊಲಗಳಿಗೆ ಹನಿ ನೀರಿಲ್ಲದಂತಾಯಿತು, 1890ರ ದಶಕ ಹಸಿವಿನ ದಶಕವಾಯಿತು. ಹೊಲ ಒಣಗಿದ ಕುಟುಂಬಗಳು ಮೆಸ್ಕೀಟ್ ಮರಗಳನ್ನು ಕಡಿದು ಸೌದೆಯಾಗಿ ಮಾರಿ ಹೊಟ್ಟೆ ಹೊರೆದವು. ಆ ಮೆಸ್ಕೀಟ್ ಮರದ ಸಿಹಿಯಾದ ಕೋಡನ್ನು ಒಣಗಿಸಿ ಕುಟ್ಟಿ ಮಾಡಿದ ಹಿಟ್ಟು ಅವರ ಮುಖ್ಯ ಆಹಾರಗಳಲ್ಲೊಂದಾಗಿತ್ತು ಎಂಬುದನ್ನು ನೆನೆದರೆ, ಬರಗಾಲ ಮುಂದಿನ ವರ್ಷದ ಊಟವನ್ನೂ ಹೇಗೆ ಕಿತ್ತುಕೊಂಡಿತೆಂದು ಅರ್ಥವಾಗುತ್ತದೆ. 1930ರಲ್ಲಿ ಕೂಲಿಡ್ಜ್ ಅಣೆಕಟ್ಟು ಉದ್ಘಾಟನೆಯಾಯಿತು. ಪಿಮಾ ಹೊಲಗಳಿಗೆ ನೀರು ಕೊಡುವುದೇ ಅದರ ಉದ್ದೇಶವೆಂದು ಹೇಳಿದ್ದರೂ ಹಳೆಯ ಬೇಸಾಯ ಮತ್ತೆ ಚಿಗುರಲಿಲ್ಲ.

ಖಾಲಿಯಾದ ಅಡುಗೆಮನೆಗೆ ಕಾಲಕ್ರಮದಲ್ಲಿ ಸರ್ಕಾರದ ಪಡಿತರ ಬಂತು: ಮೈದಾ, ಹಂದಿಕೊಬ್ಬು, ಸಕ್ಕರೆ, ಡಬ್ಬಿಯ ಮಾಂಸ, ಚೀಸ್. ಇಲ್ಲಿನ ಜಾತ್ರೆಗಳಲ್ಲಿ "ಬುಡಕಟ್ಟಿನ ಸಾಂಪ್ರದಾಯಿಕ ತಿಂಡಿ" ಎಂದು ಮಾರುವ ಫ್ರೈ ಬ್ರೆಡ್ ಹುಟ್ಟಿದ್ದು ಇಂಥ ಪಡಿತರದಿಂದ. ಮೈದಾವನ್ನು ಕಲಸಿ, ಅಂಗೈಯಲ್ಲಿ ತಟ್ಟಿ, ನಡುವೆ ಬೆರಳಿನಿಂದ ಸಣ್ಣ ತೂತು ಮಾಡಿ, ಕಾದ ಕೊಬ್ಬಿಗೆ ಬಿಟ್ಟಾಗ ಅದು ನಮ್ಮ ಬಟೂರೆಯಂತೆ ಉಬ್ಬುತ್ತದೆ. ಮೇಲೆ ಜೇನುತುಪ್ಪವನ್ನೋ ಪುಡಿಸಕ್ಕರೆಯನ್ನೋ ಹಾಕಿಕೊಡುತ್ತಾರೆ. ರುಚಿ ಚೆನ್ನಾಗಿರುತ್ತದೆ, ಅದನ್ನು ಒಪ್ಪಬೇಕು. ಆದರೆ ಅದನ್ನು ಅವರ ಸ್ವಂತ ಆಯ್ಕೆ ಎನ್ನುವುದು ನನಗೆ ಕಷ್ಟ. ಇನ್ನು ಮಕ್ಕಳ ಮಾತು. 1891ರಲ್ಲಿ ತೆರೆದ ಫೀನಿಕ್ಸ್ ಇಂಡಿಯನ್ ಸ್ಕೂಲ್ 1990ರವರೆಗೂ ನಡೆಯಿತು. ಅಂಥ ವಸತಿ ಶಾಲೆಗಳಲ್ಲಿ ಬೆಳೆದ ಮಗುವಿಗೆ ಅಜ್ಜಿಯ ಅಡುಗೆ ಕಲಿಯುವ ಅವಕಾಶವೇ ಇರಲಿಲ್ಲ. ಊಟ ಬಲ್ಲವರೇ ಆಗಿದ್ದರು ಸರ್, ಉಣ್ಣಲು ಬೆಳೆಯುವ ನೀರು ಕೈತಪ್ಪಿತು.


ಮಂಡಿ ಮೊಹಲ್ಲಾ ವೈದ್ಯ

ನಾನು ಮೈಸೂರಿನಲ್ಲಿ ವೃತ್ತಿ ಮಾಡುವ ಸಾಮಾನ್ಯ ವೈದ್ಯ. "ರಕ್ತದಲ್ಲೇ ಇದೆ" ಎಂಬ ಮಾತಿನ ಮೂಲವನ್ನು ಸ್ವಲ್ಪ ವಿವರಿಸುತ್ತೇನೆ.

1962ರಲ್ಲಿ ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ ಒಂದು ಊಹೆಯನ್ನು ಮುಂದಿಟ್ಟರು. ಬರಗಾಲ, ಸುಭಿಕ್ಷೆಗಳು ಅದಲುಬದಲಾಗಿ ಬರುತ್ತಿದ್ದ ಕಾಲದಲ್ಲಿ, ಸಿಕ್ಕಾಗ ಕೊಬ್ಬನ್ನು ಕೂಡಿಟ್ಟುಕೊಳ್ಳಬಲ್ಲ ಮಿತವ್ಯಯಿ ದೇಹಗಳೇ ಹೆಚ್ಚು ಬದುಕುಳಿದವು, ವರ್ಷವಿಡೀ ಊಟ ಸಿಗುವ ಈ ಕಾಲದಲ್ಲಿ ಅದೇ ಗುಣ ಮಧುಮೇಹವಾಗಿ ತಿರುಗಿಬಿತ್ತು ಎಂಬುದು ಅದರ ತಿರುಳು. ಕೇಳಲು ಸೊಗಸಾದ ಕಥೆ. ಪಿಮಾ ಜನರನ್ನು ಅದಕ್ಕೆ ಜೀವಂತ ಉದಾಹರಣೆಯಾಗಿ ದಶಕಗಳ ಕಾಲ ತೋರಿಸಲಾಯಿತು. ಆದರೆ ಸುಗ್ಗಿಯ ಕಾಳನ್ನು ಕಣಜದಲ್ಲಿಟ್ಟು ಉಣ್ಣುತ್ತಿದ್ದ ನೀರಾವರಿ ರೈತರು ಉಳಿದ ಲೋಕಕ್ಕಿಂತ ಹೆಚ್ಚು ಬರ ಕಂಡವರೆಂದು ಹೇಳಲು ಆಧಾರವೆಲ್ಲಿ? ನೀಲ್ ಅವರೇ ಮುಂದೆ ತಮ್ಮ ಊಹೆಯನ್ನು ಪರಿಷ್ಕರಿಸಿದರು.

ವಂಶವಾಹಿಯ ಪಾತ್ರ ಸೊನ್ನೆ ಎಂದು ನಾನು ಹೇಳುತ್ತಿಲ್ಲ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರಲ್ಲಿ ಟಿಬಿಸಿ1ಡಿ4 ಎಂಬ ವಂಶವಾಹಿಯ ಒಂದು ರೂಪ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಮಧುಮೇಹದ ಸಾಧ್ಯತೆ ಸುಮಾರು ಹತ್ತು ಪಟ್ಟು ಏರುತ್ತದೆಂದು 2014ರಲ್ಲಿ ಗೊತ್ತಾಯಿತು. ಸಮೋವಾ ದ್ವೀಪದವರಲ್ಲಿ 2016ರಲ್ಲಿ ಪತ್ತೆಯಾದ ಇನ್ನೊಂದು ರೂಪವಂತೂ ತೂಕವನ್ನು ಹೆಚ್ಚಿಸುತ್ತದೆ, ಮಧುಮೇಹದ ಸಾಧ್ಯತೆಯನ್ನು ತಗ್ಗಿಸುತ್ತದೆ! ಹೀಗಾಗಿ "ಮೂಲನಿವಾಸಿಗಳ ವಂಶವಾಹಿ" ಎಂಬ ಒಂದೇ ಮೂಟೆ ಎಲ್ಲೂ ಇಲ್ಲ.

ನನ್ನ ದೃಷ್ಟಿಯಲ್ಲಿ ಪಿಮಾ ಅಧ್ಯಯನಗಳ ಅತ್ಯಂತ ಬೆಲೆಯುಳ್ಳ ಪಾಠ ಬೇರೆಯೇ ಇದೆ. ಗರ್ಭದಲ್ಲಿದ್ದಾಗಲೇ ತಾಯಿಯ ಅಧಿಕ ಸಕ್ಕರೆಗೆ ಒಡ್ಡಿಕೊಂಡ ಮಗುವಿಗೆ ಮುಂದೆ ಏನಾಗುತ್ತದೆಂದು ಆ ಅಧ್ಯಯನಗಳಿಂದ ತಿಳಿಯಿತು. ತಾಯಿಗೆ ಮಧುಮೇಹವಿದ್ದರೆ ಮಕ್ಕಳಿಗೂ ಬರುತ್ತದೆ ಎಂದರೆ ಅದನ್ನು ಅನುವಂಶೀಯತೆ ಎಂದು ತಳ್ಳಿಹಾಕಬಹುದು. ಆದ್ದರಿಂದ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಒಡಹುಟ್ಟಿದವರನ್ನೇ ಹೋಲಿಸಿದರು: ತಾಯಿಗೆ ಮಧುಮೇಹ ಬರುವ ಮೊದಲು ಹುಟ್ಟಿದ ಅಕ್ಕ, ಬಂದ ಮೇಲೆ ಹುಟ್ಟಿದ ತಮ್ಮ. ವಂಶವಾಹಿಯ ಪಾಲು ಸರಾಸರಿಯಲ್ಲಿ ಒಂದೇ, ಮನೆಯೂ ಒಂದೇ. ಆದರೂ ನಂತರ ಹುಟ್ಟಿದವರಲ್ಲಿ ಮಧುಮೇಹದ ಸಾಧ್ಯತೆ ಮೂರು ಪಟ್ಟಿಗೂ ಮಿಗಿಲಾಗಿತ್ತು. ಅಂದರೆ ಒಂದು ತಲೆಮಾರಿಗೆ ಪಡಿತರದಿಂದ ಬಂದ ಕಾಯಿಲೆ ಮುಂದಿನ ತಲೆಮಾರಿಗೆ ಗರ್ಭಕೋಶದ ಮೂಲಕ ದಾಟುತ್ತದೆ, ಅದಕ್ಕೆ ರಕ್ತದ ದೋಷವೇನೂ ಬೇಕಿಲ್ಲ. ಈ ಸುತ್ತು ತಿರುಗತೊಡಗಿದ ಮೇಲೆ, ಹುಟ್ಟುವ ಮೊದಲೇ ಪಾಲಿಗೆ ಬಂದ ಹೊರೆಗೆ ಹೊಣೆಗಾರಿಕೆಯ ಲೆಕ್ಕವನ್ನು ಯಾವ ಮಗುವಿನಿಂದ ಕೇಳುವುದು ಎಂದು ಮಲಪ್ರಭಾ ದಂಡೆಯವರೇ ಹೇಳಬೇಕು.

ಈ ವಿಷಯದಲ್ಲಿ ನಮ್ಮ ಊರಿಗೂ ಪಾಲಿದೆ. ಇಲ್ಲಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1934ರಿಂದಲೂ ಮಕ್ಕಳ ಹುಟ್ಟಿದ ತೂಕ, ಉದ್ದಗಳನ್ನು ಬರೆದಿಟ್ಟುಕೊಂಡು ಬಂದಿತ್ತು. ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡವಾಗಿ ದಪ್ಪಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತೆಂದು 1998ರಲ್ಲಿ ಪ್ರಕಟವಾಯಿತು. ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ಪತ್ತೆಯಾಗದ ಸಕ್ಕರೆ ಕಾಯಿಲೆ ಇದ್ದಿರಬಹುದೆಂಬುದು ಸಂಶೋಧಕರ ವಿವರಣೆಯಾಗಿತ್ತು.


ಗೃಹಿಣಿ ಸಾಗರದಿಂದ

ಒಂದು ಸರಳ ಪ್ರಶ್ನೆ. ಕಾಯಿಲೆ ಬಂದ ಮೇಲೆ ಹಳೆಯ ಆಹಾರಕ್ಕೆ, ಹಳೆಯ ಓಡಾಟಕ್ಕೆ ಮರಳಿದರೆ ಅದು ಇಳಿಯುತ್ತದೆಯೇ? ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ?


ಪರ್ತ್ ಕನ್ನಡತಿ

ನೋಡಿದ್ದಾರೆ ಮೇಡಂ, ನಮ್ಮ ಪಶ್ಚಿಮ ಆಸ್ಟ್ರೇಲಿಯಾದಲ್ಲೇ. ಪೌಷ್ಟಿಕತಜ್ಞೆ ಕೆರಿನ್ ಓಡೇ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಡರ್ಬಿ ಪಟ್ಟಣದ ಬಳಿಯ ಮೋವಾಂಜುಮ್ ಸಮುದಾಯದ, ಮಧುಮೇಹವಿದ್ದ ಹತ್ತು ಮಂದಿ ಮೂಲನಿವಾಸಿಗಳು ಏಳು ವಾರಗಳ ಕಾಲ ತಮ್ಮ ಪೂರ್ವಿಕರ ಕಾಡಿಗೆ ಮರಳಿ, ಬೇಟೆಯಾಡಿ, ಗೆಡ್ಡೆ ಅಗೆದು ಬದುಕಿದರು. ಮೀನು, ಕಾಂಗರೂ, ಆಮೆ, ಕಾಡುಗೆಣಸು, ಕಾಡಿನ ಅಂಜೂರ, ಜೇನು ಅವರ ಊಟವಾಗಿತ್ತು. ಸರಾಸರಿ ಎಂಟು ಕಿಲೋ ತೂಕ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆ, ನಮ್ಮ ಊರಿನ ಲ್ಯಾಬ್ ವರದಿಯ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 209ರಿಂದ 119ಕ್ಕೆ ಬಂತು. ಏಳು ವಾರಗಳಿಗೆ ಇದು ಅಪಾರ ಬದಲಾವಣೆ.

ಆದರೆ ಈ ಅಧ್ಯಯನವನ್ನು ಉದ್ಧರಿಸುವವರು ಬಿಟ್ಟುಬಿಡುವ ಸಂಗತಿಯೆಂದರೆ, ಏಳು ವಾರ ಮುಗಿದ ಮೇಲೆ ಅವರೆಲ್ಲ ಅದೇ ವಸತಿಗೆ, ಅದೇ ಅಂಗಡಿಗೆ ಹಿಂದಿರುಗಲೇಬೇಕಿತ್ತು. ದೂರದ ಸಮುದಾಯಗಳಲ್ಲಿ ಊರಿಗೊಂದೇ ಅಂಗಡಿ ಇರುವುದು ಸಾಮಾನ್ಯ. ನೂರಾರು ಕಿಲೋಮೀಟರ್ ಲಾರಿಯಲ್ಲೋ ದೋಣಿಯಲ್ಲೋ ಬರುವ ತರಕಾರಿ ಬಾಡಿ ದುಬಾರಿಯಾಗಿರುತ್ತದೆ, ಕೆಡದ ತಂಪು ಪಾನೀಯವೋ ಬಾಗಿಲ ಬಳಿಯ ಫ್ರಿಜ್ಜಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕುಳಿತಿರುತ್ತದೆ. ಆರ್ನೆಮ್ ಲ್ಯಾಂಡ್ ಪ್ರೋಗ್ರೆಸ್ ಎಂಬ ಮೂಲನಿವಾಸಿಗಳದೇ ಸಂಸ್ಥೆ ನಡೆಸುವ ಅಂಗಡಿಗಳು ಇದನ್ನೇ ಬದಲಿಸಿ ನೋಡಿದವು. 20 ಅಂಗಡಿಗಳ ಆ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ದೊಡ್ಡ ಬಾಟಲಿಯ ಸಿಹಿ ಪಾನೀಯವನ್ನು ಫ್ರಿಜ್ಜಿನಿಂದ ತೆಗೆದರು, ಸಿಹಿತಿಂಡಿಯ ಪ್ರದರ್ಶನವನ್ನು ನಿಲ್ಲಿಸಿದರು, ಮಾರುವುದನ್ನು ನಿಲ್ಲಿಸಲಿಲ್ಲ. ಮಾರಾಟವಾದ ಆಹಾರದಲ್ಲಿನ ಸಕ್ಕರೆ ಶೇ. 2.8ರಷ್ಟು ಕಡಿಮೆಯಾಯಿತು, ಅಂಗಡಿಗೆ ನಷ್ಟವೂ ಆಗಲಿಲ್ಲ. ಪ್ರಮಾಣ ಚಿಕ್ಕದೆನಿಸಬಹುದು. ಆದರೆ ಯಾರೊಬ್ಬರಿಗೂ ಉಪದೇಶ ಮಾಡದೆ, ಕಪಾಟಿನ ಜೋಡಣೆಯೊಂದನ್ನೇ ಬದಲಿಸಿ ಗಳಿಸಿದ್ದು ಅದು.

ಉತ್ತರ ಪ್ರಾಂತ್ಯದ ಯುಟೋಪಿಯಾ ಎಂಬಲ್ಲಿನ ಜನ ಒಂದೇ ಕಡೆ ಗುಂಪಾಗಿರದೆ ತಮ್ಮ ತಮ್ಮ ಪೂರ್ವಿಕರ ನೆಲದಲ್ಲಿ ಚದುರಿ ವಾಸಿಸುತ್ತಾರೆ. ತಮ್ಮದೇ ಆಡಳಿತದ ಆರೋಗ್ಯ ಸೇವೆಯೂ ಅವರಿಗಿದೆ. ಆ ಪ್ರಾಂತ್ಯದ ಉಳಿದ ಮೂಲನಿವಾಸಿಗಳಿಗಿಂತ ಅವರಲ್ಲಿ ಮರಣದ ಪ್ರಮಾಣ ಕಡಿಮೆಯೆಂದು 2008ರಲ್ಲಿ ವರದಿಯಾಯಿತು.


ಪೋಡಿನ ದಾರಿ

ಚಾಮರಾಜನಗರದ ಕಡೆ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ಒಂದು ಎಚ್ಚರಿಕೆ ಹೇಳಬೇಕೆನಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬದುಕೂ ಇಂಥದೇ ದಾರಿಯಲ್ಲಿ ಬದಲಾಯಿತು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಕಾಡೊಳಗಿನ ಬೇಸಾಯ ನಿಂತಿತು, ಕುಟುಂಬಗಳು ರಸ್ತೆ ಬದಿಯ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಬಂದವು, ರಾಗಿ, ಸಾಮೆ, ಅವರೆ, ಸೊಪ್ಪು, ಕಾಡುಗೆಣಸುಗಳ ಜಾಗಕ್ಕೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂತು. ಕಾಡಿನ ಒಣ ಎಲೆಗಳನ್ನು ಸುಡುವ ತರಗು ಬೆಂಕಿ ಹಾಕುವುದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಎಂಬ ಕಳೆಪೊದೆ ಹಬ್ಬಿತೆಂದು ಹಿರಿಯ ಸೋಲಿಗರು ಹೇಳುತ್ತಾರೆ. ಲಂಟಾನ ಮುಚ್ಚಿದ ನೆಲದಲ್ಲಿ ಗೆಣಸು ಹುಡುಕುವುದು ಸುಲಭವಲ್ಲ.

ಆದರೆ ಪಿಮಾ ಚಿತ್ರವನ್ನು ಹಾಗೆಯೇ ಇಲ್ಲಿಗೆ ತಂದು ಹೊಂದಿಸಬೇಡಿ. ಇಲ್ಲಿ ಸ್ಥೂಲಕಾಯದವರು ಅಪರೂಪ. ಪೋಡಿನ ಜಗಲಿಯಲ್ಲಿ ಒಬ್ಬ ಅಜ್ಜಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಿದರೆ ಅದು ಎರಡು ಸುತ್ತು ಹೆಚ್ಚೇ ಬರುತ್ತದೆ. ತೂಕ ನಲವತ್ತು ಕಿಲೋ ಮುಟ್ಟುವುದಿಲ್ಲ, ಬಿಪಿ ಮಾತ್ರ 170 ದಾಟಿರುತ್ತದೆ. "ಉಂಡು ಕೊಬ್ಬಿದವರಿಗೆ ಬರುವ ಕಾಯಿಲೆ ನನಗ್ಯಾಕವ್ವ ಬಂತು?" ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟ. ರಕ್ತಹೀನತೆ, ಕುಡಗೋಲು ಕಣ ರೋಗ, ಅಪೌಷ್ಟಿಕತೆಗಳ ಜೊತೆಗೇ ಬಿಪಿ ಬಂದು ಕೂತಿದೆ. 1981ರಲ್ಲಿ ಡಾ. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಸಂಸ್ಥೆ ಹತ್ತಿರವಿರುವ ಪೋಡುಗಳ ಪರಿಸ್ಥಿತಿ ವಾಸಿ. ಇಂಥ ಆಸರೆಯಿಲ್ಲದ ಹಾಡಿಗಳಲ್ಲಿ ಮೂವತ್ತು ದಾಟಿದ ಎಲ್ಲರನ್ನೂ ತಪಾಸಣೆ ಮಾಡಬೇಕೆಂಬ ಸರ್ಕಾರದ ನಿಯಮ ಕಾಗದದಲ್ಲಿದ್ದರೂ, ಮಾತ್ರೆ ತಿಂಗಳು ತಿಂಗಳು ತಪ್ಪದೆ ತಲುಪುವುದೇ ದೊಡ್ಡ ತೊಡಕು.


ಮಲಪ್ರಭಾ ದಂಡೆಯವ

ಎಲ್ಲರ ಬರಹವನ್ನೂ ಓದಿದೆ. ನೀರಿನ ಕಥೆ ನನಗೆ ಗೊತ್ತಿರಲಿಲ್ಲ. ಮಹದಾಯಿಗಾಗಿ ಬೀದಿಗಿಳಿದ ಊರಿನವನಾಗಿ ಅದು ನನಗೆ ತಟ್ಟದೇ ಇರದು. ಆದರೂ ನನ್ನ ಮೂಲ ಮಾತನ್ನು ಪೂರ್ತಿ ಬಿಡಲಾರೆ. ಅನ್ಯಾಯ ಯಾರದೇ ಆಗಿರಲಿ, ಇವತ್ತು ಎದ್ದು ನಡೆಯಬೇಕಾದ ಕಾಲು ರೋಗಿಯದೇ ಅಲ್ಲವೇ? ಇತಿಹಾಸವನ್ನು ತಿಳಿದ ಮೇಲೆ ಯಾರಾದರೂ ಬೇರೆ ರೀತಿಯಲ್ಲಿ ಕೆಲಸ ಮಾಡಿ, ಕಾಯಿಲೆಯನ್ನು ನಿಜಕ್ಕೂ ತಗ್ಗಿಸಿದ ಉದಾಹರಣೆ ಇದೆಯೇ?


ಮಂಡಿ ಮೊಹಲ್ಲಾ ವೈದ್ಯ

ಇದೆ ಸರ್. ನಡೆಯುವುದರಿಂದ ಫಲವಿದೆ ಎಂಬುದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯವಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಅಲ್ಲಿನ ಮೂಲನಿವಾಸಿಗಳೂ ಇದ್ದರು. ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಮಧುಮೇಹಕ್ಕೆ ತಿರುಗುವುದು ಶೇ. 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 31ರಷ್ಟು. ಆದರೆ ಆ ಅಧ್ಯಯನದಲ್ಲಿ ಪ್ರತಿಯೊಬ್ಬರ ಬೆನ್ನಿಗೆ ತರಬೇತಾದ ಮಾರ್ಗದರ್ಶಕರಿದ್ದರು, ಪದೇ ಪದೇ ಭೇಟಿಗಳಿದ್ದವು. ಬರೀ "ನಡೆಯಿರಿ" ಎಂದು ಚೀಟಿಯಲ್ಲಿ ಬರೆದು ಕಳಿಸಿದ ಫಲವಲ್ಲ ಅದು.

1997ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳಿಗೆಂದೇ ವಿಶೇಷ ಮಧುಮೇಹ ಯೋಜನೆಯೊಂದಕ್ಕೆ ಹಣ ಒದಗಿಸಿತು. ಅದರ ಗುಣವೆಂದರೆ ಹಣವನ್ನು ಹೇಗೆ ಬಳಸಬೇಕೆಂಬುದನ್ನು ಬಹುಮಟ್ಟಿಗೆ ಬುಡಕಟ್ಟುಗಳೇ ನಿರ್ಧರಿಸಬಹುದಿತ್ತು. ಸಕ್ಕರೆ, ಬಿಪಿಗಳ ನಿಗಾ, ಮೂತ್ರಪಿಂಡವನ್ನು ಕಾಯುವ ಮಾತ್ರೆಗಳ ಬಳಕೆ, ಮೂತ್ರದ ಪರೀಕ್ಷೆ ಎಲ್ಲವೂ ಕ್ರಮಬದ್ಧವಾದವು. 1996ರಿಂದ 2013ರ ನಡುವೆ ಅಲ್ಲಿನ ಮೂಲನಿವಾಸಿ ವಯಸ್ಕರಲ್ಲಿ ಮಧುಮೇಹದಿಂದಾಗುವ ಮೂತ್ರಪಿಂಡ ವೈಫಲ್ಯ ಶೇ. 54ರಷ್ಟು ಇಳಿಯಿತು. ಡಯಾಲಿಸಿಸ್ ಯಂತ್ರದ ಮುಂದೆ ವಾರಕ್ಕೆ ಮೂರು ಸಲ ಕೂರಬೇಕಾದ ಬದುಕು ಎಷ್ಟೋ ಜನರಿಗೆ ತಪ್ಪಿತು.

ನಂಬಿಕೆಯ ಪ್ರಶ್ನೆಯೂ ಇದೆ. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹಾವಸುಪಾಯ್ ಜನ ಮಧುಮೇಹದ ಕಾರಣ ತಿಳಿಯಲೆಂದು 1990ರಲ್ಲಿ ಅರಿಜೋನಾ ವಿಶ್ವವಿದ್ಯಾಲಯವೊಂದರ ಸಂಶೋಧಕರಿಗೆ ರಕ್ತ ಕೊಟ್ಟರು. ಅದನ್ನು ಅವರ ಅರಿವಿಗೆ ಬಾರದೆ ಮನೋರೋಗ, ವಲಸೆಯ ಮೂಲ ಮುಂತಾದ ಅಧ್ಯಯನಗಳಿಗೂ ಬಳಸಿದ್ದು ಗೊತ್ತಾಗಿ ಮೊಕದ್ದಮೆ ನಡೆಯಿತು. 2010ರಲ್ಲಿ ರಾಜಿಯಾಗಿ, ಪರಿಹಾರದ ಜೊತೆಗೆ ರಕ್ತದ ಮಾದರಿಗಳನ್ನೂ ಹಿಂದಿರುಗಿಸಬೇಕಾಯಿತು. ಇಂಥದ್ದನ್ನು ಕಂಡವರು ಮುಂದಿನ ವೈದ್ಯ ಸೂಜಿ ಹಿಡಿದು ಬಂದಾಗ ಹಿಂಜರಿದರೆ ಅದು ಅಜ್ಞಾನವಲ್ಲ.

ಅಡ್ಡಮಾತು ಒಂದನ್ನು ಸೇರಿಸುತ್ತೇನೆ. ಹೀಲಾ ನದಿಯ ಹೆಸರನ್ನೇ ಹೊತ್ತ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಅದೇ ಮರುಭೂಮಿಯಲ್ಲಿದೆ. ಅದರ ವಿಷದಲ್ಲಿ ಸಿಕ್ಕ ಅಂಶವೊಂದರಿಂದ ರೂಪುಗೊಂಡ ಎಕ್ಸೆನಟೈಡ್ ಎಂಬ ಮಧುಮೇಹದ ಚುಚ್ಚುಮದ್ದಿಗೆ 2005ರಲ್ಲಿ ಅನುಮತಿ ದೊರೆಯಿತು. ಇಂದು ತೂಕ ಇಳಿಸಲು ಲೋಕವೆಲ್ಲ ಮುಗಿಬಿದ್ದಿರುವ ಚುಚ್ಚುಮದ್ದುಗಳೂ ಅದೇ ವರ್ಗಕ್ಕೆ ಸೇರಿದವು.


ಗೃಹಿಣಿ ಸಾಗರದಿಂದ

ಆ ಪಿಮಾ ಜನರ ಹಳೆಯ ಕಾಳು ಈಗಲೂ ಸಿಗುತ್ತದೆಯೇ? ಚಾಂಡ್ಲರ್‌ವಾಸಿಯವರು ಬೇಯಿಸಿ ನೋಡಿದ್ದರೆ ತಿಳಿಸಿ.


ಚಾಂಡ್ಲರ್‌ವಾಸಿ

ಸಿಗುತ್ತದೆ ಮೇಡಂ. ಅದಕ್ಕೆ ಟೆಪರಿ ಎನ್ನುತ್ತಾರೆ, ಓಓಧಮ್ ಭಾಷೆಯಲ್ಲಿ ಬಾವಿ. ಕಂದು ಮತ್ತು ಬಿಳಿ ಬಣ್ಣದ ಸಣ್ಣ ಕಾಳು, ಮಳೆ ಕಡಿಮೆಯಿದ್ದರೂ ಬೆಳೆಯುತ್ತದೆ. ಮೀಸಲು ಪ್ರದೇಶದ ರಮೋನಾ ಫಾರ್ಮ್ಸ್ ಎಂಬ ಕುಟುಂಬದ ಬೇಸಾಯದಿಂದ ಪೊಟ್ಟಣ ಕಟ್ಟಿ ಮಾರುತ್ತಾರೆ. ರಾತ್ರಿ ನೆನೆಹಾಕಿದರೂ ಕುಕ್ಕರ್‌ನಲ್ಲಿ ನಮ್ಮ ಬೇರೆ ಕಾಳುಗಳಿಗಿಂತ ಹೆಚ್ಚು ಸೀಟಿ ಕೇಳುತ್ತದೆ, ಬೆಂದ ಮೇಲೂ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ. ಹುಳಿ ಮತ್ತು ಉಸಲಿ ಎರಡಕ್ಕೂ ಒಗ್ಗಿತು, ಒಗ್ಗರಣೆಗೆ ಇಂಗು ತುಸು ಹೆಚ್ಚು ಬೇಕು. ಪಿಮಾ ಜನರ ಸಾಂಪ್ರದಾಯಿಕ ಕಾಳು, ಮೆಸ್ಕೀಟ್‌ಗಳನ್ನು ತಿಂದ ಮೇಲೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆಂದು 1990ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ.

ಮಲಪ್ರಭಾ ದಂಡೆಯವರಿಗೆ ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಶಕಗಳ ವ್ಯಾಜ್ಯದ ನಂತರ 2004ರ ಅರಿಜೋನಾ ನೀರು ಒಪ್ಪಂದ ಕಾಯ್ದೆ ಈ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ ನೀರಿನ ಹಕ್ಕನ್ನು ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 28 ಟಿಎಂಸಿ, ಅಂದರೆ ಕಬಿನಿ ಜಲಾಶಯ ತುಂಬಿದರೂ ಹಿಡಿಯದಷ್ಟು. ಕಾಲುವೆಗಳು ಒಂದೊಂದಾಗಿ ಬರುತ್ತಿವೆ. ಆದರೆ ಆ ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ದನಗಳ ಮೇವಿನ ಕುದುರೆಮಸಾಲೆ ಸೊಪ್ಪು ಮತ್ತು ಹತ್ತಿ, ಒಂದಿಷ್ಟು ಪಾಲು ನಗರಗಳಿಗೆ ಗುತ್ತಿಗೆಗೂ ಹೋಗುತ್ತದೆ. ಟೆಪರಿಗೆ ಸಿಗುವ ಹೊಲ ಸ್ವಲ್ಪವೇ. ಪೊಟ್ಟಣದ ಬೆಲೆಯೂ ಅಂಗಡಿಯ ಮೈದಾ ಚೀಲದ ಮುಂದೆ ದುಬಾರಿಯೇ, ಹಾಗಾಗಿ ಅದನ್ನು ಕೊಳ್ಳುವವರಲ್ಲಿ ನನ್ನಂಥ ಹೊರಗಿನವರೂ ಇದ್ದೇವೆ.